ಎಂಟು ಜನ, ಎಂಟು ಹಾಳೆ: ಫೋಟೋ ಚರ್ಚೆ ಮೊಬೈಲಿನಿಂದ ಮೇಜಿಗೆ ಇಳಿದದ್ದು

"ಈ ಕಾಲದಲ್ಲೂ ಪ್ರಿಂಟಾ? ಗ್ರೂಪಿಗೆ ಹಾಕಿದ್ರೆ ಆಯ್ತಲ್ಲ ಮಾರಾಯ್ರೆ" ಎಂದವರೇ ಈಗ ತಿಂಗಳ ಎರಡನೇ ಭಾನುವಾರ ಹಾಳೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬರುತ್ತಾರೆ. ಒಂದು ವರ್ಷದಿಂದ ಒಂದು ಸಭೆಯೂ ತಪ್ಪಿಲ್ಲ, ಎಂಟು ಜನ ಫೋಟೋ ಹವ್ಯಾಸಿಗಳ ಕೂಟಕ್ಕೆ ಇದು ಸಣ್ಣ ಮಾತಲ್ಲ. ಹಾಗಾಗಿ ಚಿತ್ರಗಳನ್ನು ಪ್ರಿಂಟ್ ಹೊಡೆಸಿ, ಮೇಜಿನ ಮೇಲಿಟ್ಟು ನಾವು ಚರ್ಚೆ ಮಾಡುವ ರೀತಿಯನ್ನು ಬರೆದಿಡುತ್ತಿದ್ದೇನೆ. ಕ್ಯಾಮೆರಾ, ಎಕ್ಸ್‌ಪೋಶರ್, ಎಡಿಟಿಂಗ್ ಎಲ್ಲ ಗೊತ್ತಿದ್ದವರಿಗಾಗಿ ಇದು.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ನೆರಳಿನ ಭಾಗದಲ್ಲಿ ಚೌಕ ಚೌಕ ಕಲೆ ಬೀಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಕೆಡುವುದಿಲ್ಲ, ಆದರೆ ಚಿತ್ರದೊಳಗೆ ಜಿಪಿಎಸ್ ಗುರುತು ಇದ್ದರೆ ಅದೂ ಜೊತೆಗೇ ಹೋಗುತ್ತದೆ. ಗೂಬೆ ಗೂಡಿನ ಚಿತ್ರವನ್ನು ಹಾಗೆ ಹಂಚುವುದೂ ಒಂದೇ, ಗೂಡಿಗೆ ದಾರಿ ತೋರಿಸುವುದೂ ಒಂದೇ. ಎಕ್ಸ್‌ಪೋರ್ಟ್ ಮಾಡುವಾಗಲೇ ಸ್ಥಳದ ಮಾಹಿತಿ ತೆಗೆದುಬಿಡಿ. ಇಷ್ಟೆಲ್ಲ ಮಾಡಿದರೂ ನೋಡುವುದು ಆರಿಂಚಿನ ಪರದೆಯಲ್ಲಿ, ಬರುವ ಉತ್ತರ "ಸೂಪರ್ ಸರ್" ಮತ್ತು ಒಂದು ಹೆಬ್ಬೆರಳು.

ಟಿವಿಗೆ ಹಾಕಿ ನೋಡಿದೆವು. ಅಂಗಡಿಯಿಂದ ಬಂದ ಟಿವಿ ವಿವಿಡ್ ಮೋಡ್‌ನಲ್ಲೇ ಇರುತ್ತದೆ, ಭತ್ತದ ಗದ್ದೆ ಗಿಳಿ ಹಸಿರಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಓವರ್‌ಸ್ಕ್ಯಾನ್ ಆನ್ ಇದ್ದರೆ ನಾಲ್ಕೂ ಅಂಚನ್ನು ಟಿವಿ ತಾನೇ ಕತ್ತರಿಸುತ್ತದೆ. ಅಂಚೇ ಕಾಣದ ಚಿತ್ರದ ಸಂಯೋಜನೆ ಬಗ್ಗೆ ಏನು ಚರ್ಚೆ? ಪ್ರೊಜೆಕ್ಟರ್ ಬಾಡಿಗೆ ದಿನಕ್ಕೆ ಸಾವಿರದ ಹತ್ತಿರ ಹೋಯಿತು, ಕಿಟಕಿಗೆ ಕಂಬಳಿ ಕಟ್ಟಿದರೂ ಚಿತ್ರದ ಕಪ್ಪು ಬೂದಿ ಬಣ್ಣಕ್ಕೇ ನಿಂತಿತು.

ಪ್ರಿಂಟಿನ ಮೊದಲ ತಿಂಗಳೂ ದುಡ್ಡು ನೀರಿಗೆ ಹಾಕಿದ ಹಾಗೇ. ತಲೆಗೆ ನಾಲ್ಕರಂತೆ 8×12 ಇಂಚು ಅಳತೆಯ 32 ಗ್ಲಾಸಿ (ಹೊಳೆಯುವ ಕಾಗದದ) ಪ್ರಿಂಟು, ಒಂದಕ್ಕೆ ಎಪ್ಪತ್ತರ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರು ಚಿಲ್ಲರೆ. ಮುಕ್ಕಾಲು ಪಾಲು ಮಂಕಾಗಿ, ಕಪ್ಪಾಗಿ ಬಂದವು. ತಪ್ಪು ಪ್ರಿಂಟ್ ಹೊಡೆದ ಲ್ಯಾಬಿನದಲ್ಲ, ನಮ್ಮ ಲ್ಯಾಪ್‌ಟಾಪ್‌ಗಳದು. ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡಿದರೆ ಕಣ್ಣು ಮೋಸಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಪರದೆಯ ಬಣ್ಣ, ಬೆಳಕು ಅಳೆದು ಸರಿಮಾಡುವ ಕ್ಯಾಲಿಬ್ರೇಟರ್ ಕೊಳ್ಳುವ ದುಡ್ಡು ನಮ್ಮಲ್ಲಿರಲಿಲ್ಲ. ಪ್ರಿಂಟ್ ನೋಡುವ ದೀಪದ ಕೆಳಗೇ ಲ್ಯಾಪ್‌ಟಾಪ್ ಇಟ್ಟು, ಪಕ್ಕದಲ್ಲಿ ಒಂದು ಬಿಳಿ ಎ4 ಹಾಳೆ ಹಿಡಿದು, ಪರದೆಯ ಬಿಳಿ ಆ ಕಾಗದದ ಬಿಳಿಗೆ ಸಮವಾಗುವವರೆಗೆ ಬ್ರೈಟ್‌ನೆಸ್ ಇಳಿಸಿದೆವು. ನನ್ನದು ಸುಮಾರು ಶೇ 40ಕ್ಕೆ ನಿಂತಿತು. ಬಣ್ಣ ಸತ್ತಂತಿದ್ದ ಇನ್ನಿಬ್ಬರ ಚಿತ್ರಗಳು ಹೆಚ್ಚು ಬಣ್ಣಗಳ ವ್ಯಾಪ್ತಿಯಿರುವ ಅಡೋಬಿ ಆರ್‌ಜಿಬಿಯಲ್ಲಿದ್ದವು. ಫೈಲಿನೊಳಗಿನ ಬಣ್ಣದ ಗುರುತು (ಪ್ರೊಫೈಲ್) ನೋಡದ ಲ್ಯಾಬಿಗೆ ಸಾಮಾನ್ಯ ಬಳಕೆಯ ಎಸ್‌ಆರ್‌ಜಿಬಿಯನ್ನೇ ಕೊಡಬೇಕು.

ಖರ್ಚು ಇಳಿದದ್ದು ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಹೊಡೆಸಿದ್ದರಿಂದ. 12×18 ಇಂಚಿನ ಹಾಳೆಯನ್ನು ನಾಲ್ಕು ಮಾಡಿದರೆ ಒಂದೊಂದು ಭಾಗ 6×9, ನಮ್ಮ ಕ್ಯಾಮೆರಾಗಳ 2:3 ಅನುಪಾತವೇ. ಆದರೆ ಭಾಗದ ತುಂಬ ಚಿತ್ರ ಹಾಕಬೇಡಿ. ಲ್ಯಾಬಿನ ಯಂತ್ರ ಚೂರು ಹಿಗ್ಗಿಸಿ ಅಂಚು ತಿನ್ನುತ್ತದೆ. ಚಿತ್ರದ ಅಳತೆ 5.5×8.25 ಇಂಚು ಇರಲಿ, 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) 1650×2475 ಪಿಕ್ಸೆಲ್. ಪೂರ್ತಿ ಹಾಳೆ 3600×5400. ಆಗ ಮೇಲಿನ ಮತ್ತು ಕೆಳಗಿನ ಸಾಲಿನ ನಡುವೆ ಮುಕ್ಕಾಲು ಇಂಚಿನ ಬಿಳಿ ಪಟ್ಟಿ ಉಳಿಯುತ್ತದೆ. ಈ ಪಟ್ಟಿಯಲ್ಲೇ ನಮ್ಮ ಜೀವ ಇರುವುದು. ಅದರೊಳಗೆ ಒಂದಿಂಚು ಅಗಲ, ಅರ್ಧ ಇಂಚು ಎತ್ತರದ ಹನ್ನೊಂದು ಬೂದು ಆಯತ ಕೂರಿಸುತ್ತೇವೆ: 0 (ಕಡುಕಪ್ಪು), 25, 50 ಹೀಗೆ 250ರವರೆಗೆ (ಬಹುತೇಕ ಬಿಳಿ), ಕೆಂಪು ಹಸಿರು ನೀಲಿ ಮೂರಕ್ಕೂ ಒಂದೇ ಅಂಕಿ. ಪ್ರಿಂಟ್ ಕೈಗೆ ಬಂದ ಕೂಡಲೇ ಮೊದಲು ನೋಡುವುದು ಇದನ್ನು. 0, 25 ಎರಡೂ ಕೂಡಿಕೊಂಡಿದ್ದರೆ ಲ್ಯಾಬ್ ಕಪ್ಪಾಗಿ ಹೊಡೆದಿದೆ. 225, 250 ಎರಡೂ ಕಾಗದದ ಬಿಳಿಯಲ್ಲೇ ಮಾಯವಾಗಿದ್ದರೆ ತೆಳುವಾಗಿ ಹೊಡೆದಿದೆ. ನಡುವಿನ ಬೂದು ಹಸಿರಿಗೋ ನೇರಳೆಗೋ ತಿರುಗಿದ್ದರೆ ಜಗಳಕ್ಕೆ ಪುರಾವೆ ಕೈಯಲ್ಲೇ ಇದೆ. ಎರಡು ಸಲ ಪಟ್ಟಿ ತೋರಿಸಿಯೇ ಪುಕ್ಕಟೆ ಮರುಪ್ರಿಂಟ್ ಹೊಡೆಸಿದ್ದೇವೆ.

ಲ್ಯಾಬಿನ ಹುಡುಗನಿಗೆ ಹೇಳಬೇಕಾದ ಮಾತು ಒಂದೇ: "ಕರೆಕ್ಷನ್ ಬೇಡ, ಇದ್ದ ಹಾಗೇ ಹೊಡೀರಿ." ಆಟೋ ಕರೆಕ್ಷನ್ ಇಡೀ ಹಾಳೆಯನ್ನು ಒಂದೇ ಚಿತ್ರ ಎಂದುಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಮಂಜಿನ ಬೆಟ್ಟ, ಇನ್ನೊಂದರಲ್ಲಿ ಗರ್ಭಗುಡಿಯ ದೀಪ ಇದ್ದರೆ ಎರಡನ್ನೂ ಕೆಡಿಸುತ್ತದೆ. ಫೈಲ್ ಹೆಸರಿನಲ್ಲೇ 'ನೋ ಕರೆಕ್ಷನ್' ಎಂದು ಬರೆಯಿರಿ, ಪಾಳಿ ಬದಲಾದರೂ ಮಾತು ಉಳಿಯುತ್ತದೆ.

ಕಾಗದ ಲಸ್ಟರ್ (ಮಂದ ಹೊಳಪಿನದು) ಅಥವಾ ಮ್ಯಾಟ್ (ಹೊಳಪಿಲ್ಲದ್ದು). ಗ್ಲಾಸಿಯಲ್ಲಿ ಚಿತ್ರಕ್ಕಿಂತ ಮೊದಲು ಟ್ಯೂಬ್‌ಲೈಟ್ ಕಾಣುತ್ತದೆ. ಪ್ರಿಂಟಿನ ಬೆನ್ನಿಗೆ ನಂಬರ್ ಹಾಕಲು ಬಾಲ್ ಪೆನ್ ಮುಟ್ಟಬೇಡಿ. ಲ್ಯಾಬ್ ಕಾಗದದ ಬೆನ್ನಿಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಶಾಯಿ ಆರುವುದಿಲ್ಲ, ಒಂದರ ಮೇಲೊಂದು ಇಟ್ಟಾಗ ಕೆಳಗಿನ ಚಿತ್ರದ ಆಕಾಶದಲ್ಲಿ ಮೂಡುತ್ತದೆ. ಒತ್ತಿ ಬರೆದರೆ ಮುಂಬದಿಗೂ ಉಬ್ಬು. ಸಿಡಿ ಮಾರ್ಕರ್‌ನಿಂದ ಹಗುರವಾಗಿ ಬರೆದು ಐದು ನಿಮಿಷ ಬಿಟ್ಟರೆ ಸಾಕು.

ದೀಪಕ್ಕೆ ಎರಡು ಎಲ್‌ಇಡಿ ಬಲ್ಬ್, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕೆ ಮೇಲ್ಪಟ್ಟದ್ದು, ಬೆಳಕಿನ ಬಣ್ಣ 5000 ಕೆಲ್ವಿನ್ ಆಸುಪಾಸು. ಮೇಜಿನ ಎರಡೂ ಬದಿಯಿಂದ 45 ಡಿಗ್ರಿ ಓರೆಗೆ ಇಡಿ. ಕಿಟಕಿ ಮುಚ್ಚಿ. ಗೋಡೆಗೆ ತಿಳಿಹಸಿರು ಬಣ್ಣ ಇದ್ದರೆ ಮುಖಗಳೆಲ್ಲ ಕಾಮಾಲೆ ಬಂದ ಹಾಗೆ ಕಾಣುತ್ತವೆ, ಬಿಳಿ ಪಂಚೆ ಇಳಿಬಿಟ್ಟರೆ ಸರಿಹೋಗುತ್ತದೆ.

ಇನ್ನು ಚರ್ಚೆ. ಹಾಳೆಯನ್ನು ಅಲ್ಲೇ ಕತ್ತರಿಸಿ ಬೆರೆಸುತ್ತೇವೆ, ಯಾರದ್ದೆಂದು ಹೇಳುವುದಿಲ್ಲ. ಚಿತ್ರಕ್ಕೆ ಮೂರೂವರೆ ನಿಮಿಷ, 32 ಚಿತ್ರಕ್ಕೆ ಎರಡು ಗಂಟೆ ಮೀರುವುದಿಲ್ಲ. 'ಚೆನ್ನಾಗಿದೆ' ಎಂಬ ಪದ ಆಡಿದವರು ಚಹಾ ಡಬ್ಬಿಗೆ ಐದು ರೂಪಾಯಿ ಹಾಕಬೇಕು. ಮುಖ್ಯ ಸಲಕರಣೆ, ಚಿತ್ರದ ಮೇಲಿಟ್ಟು ಚೌಕಟ್ಟನ್ನು ಹಿಗ್ಗಿಸಿ ಕುಗ್ಗಿಸಿ ನೋಡಲು ಕಪ್ಪು ಮೌಂಟ್ ಬೋರ್ಡಿನ (ದಪ್ಪ ರಟ್ಟಿನ) ಎರಡು 'ಎಲ್' ಆಕಾರದ ತುಂಡು, ತೋಳು ಹತ್ತಿಂಚು ಉದ್ದ, ಎರಡಿಂಚು ಅಗಲ. ಹಳೇಬೀಡಿನ ಒಂದು ಚಿತ್ರದಲ್ಲಿ ತಿರುಗಣೆಯಲ್ಲಿ ಕಡೆದ ಕಂಬದ ಹೊಳಪು ಬಿಟ್ಟು ಎಲ್ಲರ ಕಣ್ಣೂ ಬಲಮೂಲೆಯ ತುಂಡು ಆಕಾಶಕ್ಕೇ ಹೋಗುತ್ತಿತ್ತು. ಎಲ್ ತುಂಡನ್ನು ಬಲದಿಂದ ಬೆರಳಗಲ ಒಳಗೆ ಸರಿಸಿದ್ದೇ ತಡ, ಕಂಬ ಎದ್ದು ನಿಂತಿತು. ಮಾತಿನಲ್ಲಿ ಇದನ್ನು ಒಪ್ಪಿಸಲು ಅರ್ಧ ಗಂಟೆ ಬೇಕಿತ್ತು. ತಿದ್ದುಪಡಿ ಗುರುತಿಸಲು ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮೆತ್ತನೆ ಪೆನ್ಸಿಲ್‌ನಲ್ಲಿ ಬರೆಯಿರಿ, ಪ್ರಿಂಟಿನ ಮೇಲಲ್ಲ.

ಮಧ್ಯೆ ಎರಡು ಕಿತಾಪತಿ ಮಾಡಿದೆವು. ಒಂದು, ಜೆರಾಕ್ಸ್ ಅಂಗಡಿಯ ಕಪ್ಪು ಬಿಳುಪು ಲೇಸರ್ ಪ್ರಿಂಟು, ಎ4ಕ್ಕೆ ಎರಡೋ ಮೂರೋ ರೂಪಾಯಿ. ಬಣ್ಣದ ಮೋಹ ಹೋಗಿ ಬೆಳಕು ಕತ್ತಲೆಯ ಹಂಚಿಕೆ ಮಾತ್ರ ಉಳಿಯುತ್ತದೆ. ಹೊಸಬರಿಗೆ ಇದೇ ಸಾಕು ಅನ್ನಿಸಿದ್ದೂ ಇದೆ. ಇನ್ನೊಂದು, ಆ ಹಳೇಬೀಡಿನ ಚಿತ್ರದ್ದೇ ರಾ ಫೈಲನ್ನು (ಕ್ಯಾಮೆರಾ ಕೊಟ್ಟ, ಸಂಸ್ಕರಿಸದ ಮೂಲ ಫೈಲನ್ನು) ಎಂಟೂ ಜನರಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದು. ಬಳಪದ ಕಲ್ಲು ಒಬ್ಬರಲ್ಲಿ ನೀಲಿ, ಒಬ್ಬರಲ್ಲಿ ಬೆಲ್ಲದ ಬಣ್ಣ. ನೆರಳಿನ ಕಲ್ಲಿಗೆ ಆಕಾಶದ ನೀಲಿ, ಬಿಸಿಲಿನ ಕಲ್ಲಿಗೆ ಹಳದಿ, ಯಾವುದಕ್ಕೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹೊಂದಿಕೆ) ಹಿಡಿಯಬೇಕೆಂಬ ಜಗಳ ಇನ್ನೂ ಮುಗಿದಿಲ್ಲ.

ಪ್ರಿಂಟಿಗೆ ಶಾರ್ಪನಿಂಗ್ (ಚಿತ್ರದೊಳಗಿನ ಅಂಚುಗಳನ್ನು ಚೂಪಾಗಿಸುವುದು) ಎಷ್ಟು ಎಂದು ಕೇಳುವವರು ಬಹಳ. ಪರದೆಯಲ್ಲಿ ಸ್ವಲ್ಪ ಒರಟು ಅನ್ನಿಸುವಷ್ಟು ಕೊಡಿ ಎನ್ನುತ್ತೇನೆ. ನಮ್ಮ ಲ್ಯಾಬಿನ ಲಸ್ಟರಿಗೆ ನಾನು ಹಿಡಿದ ಅಂಕಿ ಇನ್ನೂ ನನ್ನ ಜೇಬಿನಲ್ಲೇ ಇದೆ, ಬೇಕಾದವರು ಒಂದು ಭಾನುವಾರ ಮೇಜಿಗೆ ಬರಲಿ.

ಈಗಿನ ಲೆಕ್ಕ: ಹಾಳೆಗೆ ತೊಂಬತ್ತರ ಸುಮಾರು, ತಲೆಗೆ ಒಂದು ಹಾಳೆ, ಚಹಾ ಸೇರಿ ನೂರಹತ್ತು. ಮೊಬೈಲಿನಲ್ಲಿ ತೆಗೆಯುವವರ 4:3 ಚಿತ್ರ ಇದೇ ಜಾಗದಲ್ಲಿ 5.5×7.33 ಇಂಚಿಗೆ ಕೂರುತ್ತದೆ. ಉಳಿದ ಬಿಳಿಯನ್ನು ಹಾಗೇ ಬಿಡಿ. ಜಾಗ ತುಂಬಿಸಲೆಂದು ಕತ್ತರಿಸಿ ತಂದರೆ ಎಲ್ ತುಂಡಿಗೆ ಕೆಲಸವೇ ಇರುವುದಿಲ್ಲ.