ಉಣ್ಣೆಯ ಚಡ್ಡಿಗೆ ನಿಂತ ರಾತ್ರಿಯ ಸೋರಿಕೆ

ಬಟ್ಟೆಯ ಡೈಪರಿನ ಮೇಲೆ ಉಣ್ಣೆಯ ಚಡ್ಡಿ ಹಾಕಿ ಮಲಗಿಸಿದರೆ ನಮ್ಮ ಮಾಣಿಯ, ಅಂದರೆ ಮಗನ, ಹಾಸಿಗೆ ಒದ್ದೆಯಾಗುವುದಿಲ್ಲ ಎಂದು ನಾನು ಹೇಳಿದಾಗ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಪ್ಲಾಸ್ಟಿಕ್ ಲೇಪದ ಕವರೇ ತಡೆಯದ ಉಚ್ಚೆಯನ್ನು ತೂತುತೂತಾದ ಹೆಣಿಗೆ ಹೇಗೆ ತಡೆಯುತ್ತದೆ ಎಂಬುದು ಹೆಂಡತಿಯ ಪ್ರಶ್ನೆ. ಸೆಖೆಗೆ ಮೈಯೆಲ್ಲ ಬೆವರುಸಾಲೆ ಏಳುತ್ತದೆ ಎಂದಳು ಆಯಿ, ನನ್ನ ಅಮ್ಮ. ಒಂದು ಪೊಟ್ಟಣ ಒಳ್ಳೆಯ ಡೈಪರ್ ತಂದರೆ ಮುಗಿಯುವ ಕೆಲಸಕ್ಕೆ ಇಷ್ಟು ಒದ್ದಾಟವೇಕೆ ಎಂದು ಭಾವ ಕೇಳಿದ. ಈಗ ಮಾಣಿಗೆ ವರ್ಷ ತುಂಬುತ್ತ ಬಂದಿದೆ. ಕಳೆದ ನಾಲ್ಕೈದು ತಿಂಗಳಲ್ಲಿ ಹಾಸಿಗೆ ಒದ್ದೆಯಾದ ರಾತ್ರಿಗಳನ್ನು ಬೆರಳಲ್ಲಿ ಎಣಿಸಬಹುದು. ಆ ಭಾವನೇ ತನ್ನ ಮಗಳಿಗೂ ಒಂದು ಚಡ್ಡಿ ಹೆಣೆಸಿಕೊಂಡಿದ್ದಾನೆ.

ಬಟ್ಟೆಯ ಡೈಪರಿನಲ್ಲಿ ಒಳಗೆ ಉಚ್ಚೆ ಹೀರುವ ಪದರ ಇನ್ಸರ್ಟ್, ಹೊರಗೆ ಒದ್ದೆ ತಡೆಯುವ ಹೊದಿಕೆ ಕವರ್, ಅದಕ್ಕಿಂತ ಹೆಚ್ಚು ವಿವರಿಸುತ್ತ ಕೂರುವುದಿಲ್ಲ. ನಾವು ಬಳಸಿ ಎಸೆಯುವ ಡೈಪರ್ ಬಿಟ್ಟದ್ದು ಏಕೆ ಎಂಬುದನ್ನು ಮಾತ್ರ ಹೇಳಬೇಕು. ನಮ್ಮದು ಶಿರಸಿಯಿಂದ ಹೊರಗೆ, ತೋಟದ ನಡುವಿನ ಮನೆ. ಕಸದ ಗಾಡಿ ಇಲ್ಲಿಗೆ ಬರುವುದಿಲ್ಲ. ಒಂದು ಡೈಪರಿಗೆ ಹನ್ನೆರಡು ಹದಿಮೂರು ರೂಪಾಯಿ, ರಾತ್ರಿಗೆ ಎರಡು ಎಂದರೆ ತಿಂಗಳಿಗೆ ಏಳೆಂಟು ನೂರು. ಆ ದುಡ್ಡನ್ನು ಹೇಗೋ ಹೊಂದಿಸಬಹುದಿತ್ತು. ಆದರೆ ಬಳಸಿದ್ದನ್ನು ಎಲ್ಲಿ ಹಾಕುವುದು? ಹಿತ್ತಿಲ ಗುಂಡಿಗೆ ಹಾಕಿದೆವು. ನಾಯಿಗಳು ಎಳೆದು ಅಂಗಳಕ್ಕೆ ತಂದವು. ಜೂನ್ ಮಳೆ ಹಿಡಿದ ಮೇಲೆ ಅದರೊಳಗಿನ ನೀರು ಹೀರುವ ಹರಳು, ಸೋಡಿಯಂ ಪಾಲಿಅಕ್ರಿಲೇಟ್, ಮಳೆನೀರು ಕುಡಿದು, ಗುಂಡಿಯ ತುಂಬ ಬಿಳಿಯ ಗಂಜಿ ಉಬ್ಬಿತು. ಆ ಹರಳು ಉಚ್ಚೆಗಿಂತ ಉಪ್ಪಿಲ್ಲದ ನೀರನ್ನು ಎಷ್ಟೋ ಪಟ್ಟು ಹೆಚ್ಚು ಹೀರುತ್ತದೆ. ಮಲೆನಾಡಿನ ಮಳೆಗೆ ಅದನ್ನು ಒಡ್ಡಬಾರದು. ಸುಡುವ ಮಾತು ದೂರವೇ ಉಳಿಯಿತು. ತೋಟದ ಮಣ್ಣಿಗೆ ಅದನ್ನು ಸೇರಿಸಲು ನನಗೆ ಮನಸ್ಸು ಬರಲಿಲ್ಲ.

ಇಷ್ಟಾಗಿಯೂ ಆ ಡೈಪರ್ ಸೋರುತ್ತಿತ್ತು. ಆರು ತಿಂಗಳಾದ ಮೇಲೆ ಮಾಣಿ, ಅಂಗಾತ ಮಲಗಿಸಿದರೂ ತಾನಾಗಿ ಮಗುಚಿಕೊಂಡು ಹೊಟ್ಟೆಯ ಮೇಲೆ ಮಲಗಲು ಶುರು ಮಾಡಿದ. ಬೆಳಗಿನ ಜಾವಕ್ಕೆ ಹೊಕ್ಕುಳದ ಹತ್ತಿರ ಅಂಗಿ ತೊಯ್ದಿರುತ್ತಿತ್ತು. ಒಂದು ಅಳತೆ ದೊಡ್ಡದು ಹಾಕುವುದು, ತೊಡೆಯ ಬಳಿಯ ನಿರಿಗೆಯನ್ನು ಬೆರಳು ಹಾಕಿ ಹೊರಗೆ ತೆಗೆಯುವುದು, ಗಂಡುಮಗುವಾದರೆ ಕೆಳಮುಖ ಮಾಡಿಯೇ ಕಟ್ಟುವುದು, ಎಲ್ಲ ಮಾಡಿದೆವು. ಅರ್ಧದಷ್ಟು ಕಡಿಮೆಯಾಯಿತು, ನಿಲ್ಲಲಿಲ್ಲ.

ಬಟ್ಟೆಗೆ ಬಂದ ಮೇಲಿನ ಮೊದಲ ತಿಂಗಳು ಇನ್ನೂ ಕಷ್ಟದ್ದು. ಪೇಟೆಯಿಂದ ತಂದ ಮೂರು ಡೈಪರುಗಳ ಜೊತೆ ಮೈಕ್ರೊಫೈಬರ್, ಅಂದರೆ ಅತಿ ಸಣ್ಣ ಕೃತಕ ಎಳೆಯ ಬಟ್ಟೆಯ ಇನ್ಸರ್ಟ್ ಬಂದಿದ್ದವು. ಸುಮಾರು ಸಾವಿರದ ಮುನ್ನೂರು ರೂಪಾಯಿ ಕೊಟ್ಟ ನೆನಪು. ಮೈಕ್ರೊಫೈಬರ್ ಬೇಗ ಹೀರುತ್ತದೆ, ಒತ್ತಿದರೆ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಎಂಟು ಕಿಲೋ ಮಗು ಅದರ ಮೇಲೆ ಬೋರಲು ಮಲಗಿದರೆ ಏನಾಗಬೇಕೋ ಅದೇ ಆಯಿತು. ಎರಡು ಇಟ್ಟೆ, ಮೂರು ಇಟ್ಟೆ. ದಪ್ಪ ಹೆಚ್ಚಿದಂತೆ ತೊಡೆಯ ಹತ್ತಿರ ಸಂದು ಬಿಟ್ಟು, ಹೆಚ್ಚು ಬಟ್ಟೆ ಹಾಕಿದ ರಾತ್ರಿಯೇ ಹೆಚ್ಚು ಸೋರಿತು. ಬಳಿಕ ಹೆಂಪ್, ಅಂದರೆ ಗಾಂಜಾ ಜಾತಿಯ ಗಿಡದ ನಾರಿನ ಬಟ್ಟೆಯ ಇನ್ಸರ್ಟ್ ತರಿಸಿದೆ, ಒಂದಕ್ಕೆ ಇನ್ನೂರೈವತ್ತರ ಆಸುಪಾಸು. ಅದು ಹಿಡಿದದ್ದನ್ನು ಬಿಡುವುದಿಲ್ಲ, ಆದರೆ ಹಿಡಿಯುವುದು ನಿಧಾನ. ಮಗು ಒಮ್ಮೆಲೇ ಹೊಯ್ದದ್ದು ಅದರ ಮೇಲೆ ಜಾರಿ ತೊಡೆಯ ಅಂಚಿಗೆ ಹರಿದುಹೋಯಿತು. ರಾತ್ರಿ ಹನ್ನೊಂದಕ್ಕೆ ನಿದ್ದೆಯಲ್ಲೇ ಬದಲಾಯಿಸುವುದನ್ನೂ ಮಾಡಿದೆ. ಹಾಸಿಗೆ ಒಣಗಿತ್ತು, ಮಾಣಿ ಮಾತ್ರ ಎರಡು ಗಂಟೆಯವರೆಗೆ ಎಚ್ಚರವಿದ್ದ. ಸಂಜೆಯ ಹಾಲು ಕಡಿಮೆ ಮಾಡಿ ಎಂದು ನೆಂಟರೊಬ್ಬರು ಸಲಹೆ ಕೊಟ್ಟರು. ಹಾಸಿಗೆ ಉಳಿಸಲು ಮಗುವಿನ ಹೊಟ್ಟೆ ಕಟ್ಟುವುದು ತಪ್ಪು, ಅದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ದಾರಿ ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ ಬರೆದಿಡಲು ಶುರು ಮಾಡಿದ ಮೇಲೆ. ಎಷ್ಟು ಹೊತ್ತಿಗೆ ಸೋರಿತು, ಎಲ್ಲಿ ಸೋರಿತು, ಇನ್ಸರ್ಟಿನ ಯಾವ ಭಾಗ ಒಣಗಿತ್ತು, ಇಷ್ಟೇ. ಎರಡು ಮೂರು ವಾರಕ್ಕೆ ಚಿತ್ರ ಸ್ಪಷ್ಟವಾಯಿತು. ಮಲಗಿದ ಒಂದೆರಡು ಗಂಟೆಯೊಳಗೆ ತೊಡೆಯ ಕಡೆ ಸೋರಿದರೆ ಬಟ್ಟೆಗೆ ಹೀರಲು ಪುರಸೊತ್ತು ಸಿಕ್ಕಿಲ್ಲ ಎಂದು ಅರ್ಥ, ಆಗ ಇನ್ಸರ್ಟಿನ ಹಿಂಭಾಗ ಒಣಗಿಯೇ ಇರುತ್ತದೆ. ನಾಲ್ಕು ಗಂಟೆಯ ಮೇಲೆ ಸೋರಿ, ಎಲ್ಲವೂ ತೊಯ್ದು ಭಾರವಾಗಿದ್ದರೆ ಜಾಗ ಸಾಲಲಿಲ್ಲ ಎಂದು ಅರ್ಥ. ಎರಡೂ ಬೇರೆ ಬೇರೆ ಕಾಯಿಲೆ, ಎರಡಕ್ಕೂ ಒಂದೇ ಮದ್ದು ಹಾಕುತ್ತ ನಾವೆಲ್ಲ ದುಡ್ಡು ಕಳೆಯುತ್ತೇವೆ. ಬೆಳಿಗ್ಗೆ ಒದ್ದೆ ಡೈಪರನ್ನು ಏಲಕ್ಕಿ ತೂಗುವ ತಕ್ಕಡಿಯಲ್ಲಿಟ್ಟು, ಒಣಗಿದಾಗಿನ ತೂಕ ಕಳೆದು ನೋಡಿದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಇನ್ನೂರೈವತ್ತರಿಂದ ಮುನ್ನೂರು ಗ್ರಾಂ. ಅಷ್ಟನ್ನು ಹಿಡಿಯುವ ಬಟ್ಟೆ ನನ್ನ ಹತ್ತಿರ ಮೊದಲೇ ಇತ್ತು! ಕೊರತೆ ಇದ್ದದ್ದು ಪದರಗಳನ್ನು ಜೋಡಿಸುವುದರಲ್ಲಿ, ಮತ್ತು ಹೊರಗಿನ ಕವರಿನಲ್ಲಿ.

ಜೋಡಣೆ ಹೀಗೆ. ಮೈಗೆ ತಾಗುವಂತೆ ಹಳೆಯ ಫ್ಲೀಸ್ (ಮೆತ್ತನೆಯ ಪಾಲಿಯೆಸ್ಟರ್) ಹೊದಿಕೆಯಿಂದ ಕತ್ತರಿಸಿದ ಪಟ್ಟಿ. ಅದು ಉಚ್ಚೆಯನ್ನು ಕೆಳಗೆ ಬಿಟ್ಟು ತಾನು ಒಣಗಿದಂತಿರುತ್ತದೆ. ಅದರ ಕೆಳಗೆ ಅಪ್ಪನ ಹಳೆಯ ಪಂಚೆಯಿಂದ ಕತ್ತರಿಸಿದ ಚೌಕ ಬಟ್ಟೆ, ಮಡಿಸಿದ್ದು. ಎಲ್ಲಕ್ಕಿಂತ ಕೆಳಗೆ ಹೆಂಪ್. ಪಂಚೆ ತಕ್ಷಣ ಹೀರುತ್ತದೆ, ಹೆಂಪ್ ನಿಧಾನವಾಗಿ ಅದರಿಂದ ಎಳೆದುಕೊಂಡು ಹಿಡಿದಿಡುತ್ತದೆ. ಹೊಸ ಕೋರಾ ಬಟ್ಟೆ ತಂದು ಮೋಸಹೋಗಬೇಡಿ, ಹತ್ತಿಯ ಮೇಣದ ಅಂಶ ಹೋಗುವವರೆಗೆ ಅದು ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಾಷಿಂಗ್ ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿದರೂ ನಾಲ್ಕೈದು ಒಗೆತ ಬೇಕಾಯಿತು. ಇಪ್ಪತ್ತು ವರ್ಷ ಒಗೆಸಿಕೊಂಡ ಪಂಚೆಗೆ ಸಮನಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ.

ಮುಂಭಾಗಕ್ಕೆ ಪಂಚೆಯನ್ನು ಮಡಿಸುವ ಒಂದು ಕ್ರಮವಿದೆ. ಹೊಕ್ಕುಳದ ಸೋರಿಕೆ ನಿಂತದ್ದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲದಿದ್ದರೆ ನಿಮ್ಮ ಮಗುವಿನ ಮೇಲೆ ನೀವೇ ಹುಡುಕಿಕೊಳ್ಳಬೇಕು.

ಇನ್ನು ಕವರ್. ಲೇಪದ ಕವರಿಗೆ ಹೀರುವ ಗುಣವಿಲ್ಲ. ಒಳಗಿನ ಬಟ್ಟೆ ಎಲ್ಲಿ ಅಂಚಿಗೆ ತಾಗಿತೋ ಅಲ್ಲಿಂದ ಅಂಗಿ ಹೀರಿಕೊಂಡು ಹಾಸಿಗೆಗೆ ಕೊಡುತ್ತದೆ. ಉಣ್ಣೆ ಹಾಗಲ್ಲ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯ ಒಳಗೇ ಇಟ್ಟುಕೊಂಡೂ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಗಾಳಿಗೆ ಅದನ್ನು ಮೆಲ್ಲಗೆ ಬಿಡುತ್ತದೆ. ಮನೆಯವರನ್ನು ಒಪ್ಪಿಸಲು ನಾನು ಹಿಡಿದ ಸಾಕ್ಷಿ ಕಂಬಳಿ ಕೊಪ್ಪೆ. ಆಷಾಢದ ಮಳೆಯಲ್ಲಿ ಕೊಪ್ಪೆ ಹೊದ್ದು ಇಡೀ ದಿನ ನಾಟಿ ಮಾಡಿದವರು ಒಳಗೆ ಬೆಚ್ಚಗೆ ಇರುತ್ತಿದ್ದುದನ್ನು ಆಯಿ ನನಗಿಂತ ಹೆಚ್ಚು ನೋಡಿದ್ದಾಳೆ. "ಕೊಪ್ಪೆಯನ್ನು ಒಳಹೊರಗು ಮಾಡಿದರೆ ಅದೇ ಚಡ್ಡಿ" ಎಂದೆ. ಆಯಿ ಒಪ್ಪಲಿಲ್ಲ, ಆದರೆ ಅಡ್ಡಿ ಮಾಡುವುದನ್ನು ಬಿಟ್ಟಳು.

ಹೆಣೆದವಳು ಅತ್ತಿಗೆ. ಮೆದುವಾದ ಮೆರಿನೊ ಕುರಿಯ ಉಣ್ಣೆ ನೂಲು ತರಿಸಿದೆ, ಒಂದು ಚಡ್ಡಿಗೆ ನೂರು ಗ್ರಾಂ ಚಿಲ್ಲರೆ, ಐದಾರು ನೂರು ರೂಪಾಯಿ. ಮೊದಲನೆಯದನ್ನು ಸಡಿಲವಾಗಿ ಹೆಣೆದು ಕೆಟ್ಟಿತು, ಒತ್ತಾಗಿ ಹೆಣೆದ ಎರಡನೆಯದು ನಿಂತಿತು. ಸೊಂಟ ಎತ್ತರ, ಕಾಲಿನ ಪಟ್ಟಿ ಉದ್ದ ಇರಲಿ. ಹೆಣಿಗೆಗೆ ಎಷ್ಟು ಮನೆ ಹಾಕಿದಳು ಎಂಬ ಲೆಕ್ಕ ಅವಳದು, ಕೇಳಿದರೆ ಅವಳೇ ಹೇಳಬೇಕು. ಉಣ್ಣೆಗೆ ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯದೇ ಜಿಡ್ಡು, ಕುಡಿಸದೆ ಬಳಸಿದರೆ ಎಲ್ಲವೂ ವ್ಯರ್ಥ. ಬಾಣಂತನದಲ್ಲಿ ಮೊಲೆತೊಟ್ಟು ಒಡೆದದ್ದಕ್ಕೆ ತಂದ ಶುದ್ಧ ಲ್ಯಾನೊಲಿನ್ ಟ್ಯೂಬ್ ಮುಕ್ಕಾಲು ಪಾಲು ಉಳಿದಿತ್ತು. ಅರ್ಧ ಚಮಚ ಲ್ಯಾನೊಲಿನ್, ಮಗುವಿನ ಸೋಪಿನ ನಾಲ್ಕು ಹನಿ, ಒಂದು ಲೋಟ ಬಿಸಿನೀರು. ಹಾಲಿನಂತೆ ಬೆಳ್ಳಗಾಗುವವರೆಗೆ ಕಲಕಿ, ಉಗುರುಬೆಚ್ಚಗಿನ ನೀರಿಗೆ ಸೇರಿಸಿ ರಾತ್ರಿಯಿಡೀ ನೆನೆಸಿಡುತ್ತೇನೆ. ಎಣ್ಣೆ ಮೇಲೆ ತೇಲುತ್ತಿದ್ದರೆ ಇನ್ನೂ ಕಲಕಬೇಕು. ಆಮೇಲೆ ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವುವುದು. ಮೊದಲ ಸಲ ಎರಡು ಬಾರಿ ಕುಡಿಸಿದೆ, ಈಗ ತಿಂಗಳಿಗೊಮ್ಮೆ ಸಾಕು. ದಿನಾ ಒಗೆಯುವುದಿಲ್ಲ, ಬೆಳಿಗ್ಗೆ ತೆಗೆದು ಗಾಳಿಗೆ ಹಾಕಿದರೆ ಸಂಜೆಗೆ ವಾಸನೆ ಇರುವುದಿಲ್ಲ. ಇದನ್ನು ಹೆಂಡತಿ ಮೂಗು ಹಿಡಿದು ನೋಡಿಯೇ ನಂಬಿದಳು.

ಕಂಬಳಿಯ ಗುಂಗಿನಲ್ಲಿ ಇನ್ನೊಂದು ಪ್ರಯೋಗವೂ ಆಯಿತು. ರಬ್ಬರ್ ಶೀಟಿನ ಮೇಲೆ ಮಲಗಿದರೆ ಮಾಣಿಯ ಬೆನ್ನು ಬೆವರುತ್ತಿತ್ತು. ಅದರ ಬದಲು ಹಾಸಿಗೆಯ ಮೇಲೆ ಕರಿ ಕಂಬಳಿ, ಅದರ ಮೇಲೆ ಬಿಗಿಯಾಗಿ ಹತ್ತಿಯ ಹಾಸು ಹಾಕಿದೆ. ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಹಲಗೆಯಷ್ಟು ಗಡುಸು. ಅದು ತೊಯ್ದರೆ ಅಂಟಂಟು. ಅಟ್ಟದಲ್ಲಿದ್ದ ಅಜ್ಜನ ಕಾಲದ ಕಂಬಳಿ ಮೆತ್ತಗಾಗಿತ್ತು, ಅದೇ ಸರಿಹೋಯಿತು. ಸೋರಿದ ರಾತ್ರಿಯೂ ಕೆಳಗಿನ ಹತ್ತಿಯ ಹಾಸಿಗೆಗೆ ತೇವ ಇಳಿದಿಲ್ಲ. ಹಿಂದಿನವರು ತೊಟ್ಟಿಲಿಗೆ ಕಂಬಳಿ ತುಂಡು ಹಾಸುತ್ತಿದ್ದರು ಎಂದು ಆಯಿಗೆ ಆಗ ನೆನಪಾಯಿತು. ಮೊದಲೇ ಹೇಳಿದ್ದರೆ ನನಗೆ ಎರಡು ರಬ್ಬರ್ ಶೀಟಿನ ದುಡ್ಡು ಉಳಿಯುತ್ತಿತ್ತು.

ಮಳೆಗಾಲದಲ್ಲಿ ಒಣಗಿಸುವ ಕಷ್ಟ ಮಲೆನಾಡಿನವರಿಗೆ ಗೊತ್ತು. ಹೊಲಿದ ದಪ್ಪ ಇನ್ಸರ್ಟ್ ಒಣಗಲು ಎರಡು ಮೂರು ದಿನ, ಬಿಚ್ಚಿ ಹರವಿದ ಪಂಚೆಗೆ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಅರ್ಧ ದಿನ. ಹಾಗಾಗಿ ಹೆಂಪ್ ಆರು, ಪಂಚೆಯ ಚೌಕ ಇಪ್ಪತ್ತರ ಸುಮಾರು ಇಟ್ಟಿದ್ದೇವೆ. ಹೊಗೆ ವಾಸನೆ ಹತ್ತದಂತೆ ಒಣಗಿಸಲು ಒಂದು ಉಪಾಯವಿದೆ, ಅದೂ ನನ್ನ ಹತ್ತಿರವೇ ಇರಲಿ. ಅಂಟುವಾಳದ ನೊರೆಯಲ್ಲಿ ಒಂದು ತಿಂಗಳು ಒಗೆದು ನೋಡಿದೆ. ಮನೆಯದೇ ಮರ, ಖರ್ಚಿಲ್ಲ ಎಂಬ ಆಸೆ. ಮೂರನೇ ವಾರಕ್ಕೆ ಬೆಳಗಿನ ಡೈಪರ್ ಕಣ್ಣು ಉರಿಯುವಷ್ಟು ಅಮೋನಿಯಾದ ಘಾಟು ಹೊಡೆಯಿತು, ತೊಡೆಯ ಸಂದು ಕೆಂಪಾಯಿತು. ಹಳೆಯ ಸೋಪಿನ ಪುಡಿಗೇ ಮರಳಿದೆ. ಬೆಳಿಗ್ಗೆ ತೆಗೆದ ಕೂಡಲೇ ತಣ್ಣೀರಿನಲ್ಲಿ ಎರಡು ಸಲ ಜಾಲಿಸುವುದು, ಬಳಿಕ ಬಿಸಿನೀರಿನಲ್ಲಿ ಒಗೆಯುವುದು, ಕಂಫರ್ಟಿನಂಥ ಮೃದುಕಾರಿ ಹನಿಯಷ್ಟೂ ಬೇಡ. ಅದು ಎಳೆಗೆ ಲೇಪವಾಗಿ ಹೀರುವ ಶಕ್ತಿಯನ್ನೇ ಕುಗ್ಗಿಸುತ್ತದೆ.

ಒಟ್ಟು ಖರ್ಚು, ಕೆಟ್ಟ ಪ್ರಯೋಗಗಳೂ ಸೇರಿ, ಆರು ಸಾವಿರದ ಹತ್ತಿರ. ಅದರಲ್ಲಿ ಇಂದಿಗೂ ದುಡಿಯುತ್ತಿರುವುದು ಎರಡು ಉಣ್ಣೆಯ ಚಡ್ಡಿ ಮತ್ತು ಹೆಂಪ್, ಎರಡೂವರೆ ಸಾವಿರದ ಮಾಲು. ನೆಂಟರ ಮನೆಗೆ ಬಸ್ಸಿನಲ್ಲಿ ಹೊರಟ ದಿನ ಈಗಲೂ ಅಂಗಡಿಯ ಡೈಪರನ್ನೇ ಹಾಕುತ್ತೇವೆ, ಅದಕ್ಕೆ ನನ್ನ ತಕರಾರಿಲ್ಲ.

ಆಯಿ ಹೆದರಿದ ಸೆಖೆ ಏಪ್ರಿಲಿನಲ್ಲಿ ಬಂತು. ಉಣ್ಣೆಯ ಮೇಲೆ ಬೇರೆ ಚಡ್ಡಿಯಾಗಲಿ, ಪೈಜಾಮವಾಗಲಿ ಹಾಕದೆ ಬಿಟ್ಟೆವು, ಬೆವರುಸಾಲೆ ಏಳಲಿಲ್ಲ. ಲೇಪದ ಕವರ್ ಹಾಕಿದ ಹಗಲುಗಳಲ್ಲಿ ಎದ್ದಿತ್ತು. ಈಗ ಮಾಣಿ ಹತ್ತು ಕಿಲೋ ಸಮೀಪಿಸಿದ್ದಾನೆ, ಕಾಲಿನ ಪಟ್ಟಿ ಬಿಗಿಯಾಗುತ್ತಿದೆ. ಮುಂದಿನ ಅಳತೆಗೆ ಮೆರಿನೊ ಬದಲು ಊರ ಕುರಿಯ ಉಣ್ಣೆಯನ್ನೇ ಹೊರಗೆ, ಹತ್ತಿಯನ್ನು ಒಳಗೆ ಕೊಟ್ಟು ಹೊಲಿಸುವ ಯೋಚನೆಯಿದೆ. ಕಂಬಳಿಯ ಒಂದು ತುಂಡನ್ನು ಗಂಜಿ ಬಿಡಿಸಲು ಬಿಸಿನೀರಿನಲ್ಲಿ ನೆನೆಹಾಕಿದ್ದೇನೆ. ಅದು ಚುಚ್ಚುತ್ತದೆ ಎಂದು ಈ ಸಲ ಅತ್ತಿಗೆಯೇ ಅನುಮಾನಿಸುತ್ತಿದ್ದಾಳೆ.