ಟ್ಯಾಂಕರ್ ಎಷ್ಟು ನೀರು ಹಾಕಿತು? ಕೋಲು ಇಳಿಸಿ ನೋಡಿ

ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರೇ ಗತಿ. 4,000 ಲೀಟರ್ ಅಂತ ದುಡ್ಡು ಕೊಡುತ್ತೇವೆ, ಸಂಪಿಗೆ ಬಿದ್ದದ್ದು ಎಷ್ಟು? ಹಾಲಿನ ಅಳತೆಗೆ ಜಗಳ ಆಡುವವರೂ ಇಲ್ಲಿ ಸುಮ್ನೆ ಇದ್ದುಬಿಡುತ್ತಾರೆ.

ನಿಮ್ಮ ಸಂಪಿನಲ್ಲಿ ಒಂದು ಇಂಚು ನೀರು ಎಂದರೆ ಎಷ್ಟು ಲೀಟರ್? ಇದೊಂದು ಗೊತ್ತಿದ್ದರೆ ಸಾಕು.

ಮೊದಲು ಸಂಪಿನ ಉದ್ದ, ಅಗಲ ಬೇಕು. ಒಳಗಿನದು, ಹೊರಗಿನದಲ್ಲ. ಒಂಬತ್ತು ಇಂಚಿನ ಗೋಡೆಯಾದರೆ ಎರಡು ಬದಿ ಸೇರಿ ಒಂದೂವರೆ ಅಡಿ ಗೋಡೆಗೇ ಹೋಗುತ್ತದೆ. ಹೊರಗೆ ಏಳೂವರೆ, ಆರೂವರೆ ಅಡಿ ಇರುವ ಸಂಪು ಒಳಗೆ 6 ಅಡಿ, 5 ಅಡಿ ಅಷ್ಟೇ. 6×5 ಅಂದರೆ 30 ಚದರ ಅಡಿ. ಇಂಚಿನ ಲೆಕ್ಕಕ್ಕೆ ಅದನ್ನು 12ರಿಂದ ಭಾಗಿಸಿ: 2.5 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಗುಣಿಸಿದರೆ ಇಂಚಿಗೆ ಸುಮಾರು 71 ಲೀಟರ್.

ಅಳೆಯೋಕೆ ಅಂತ ಸಂಪಿನೊಳಗೆ ಇಳಿಯಬೇಡಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡಲು ಗಾಳಿ ಸಾಲದೆ ಜೀವ ಹೋದದ್ದುಂಟು. ಮೇಲೆ ನಿಂತೇ ಮಾಡುವ ಉಪಾಯ ಇದೆ, ನನಗೆ ಇದೇ ಇಷ್ಟ. ಮಾಳಿಗೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಪೂರ್ತಿ ಖಾಲಿಯಾದ ದಿನ ಸಂಪಿನ ನೀರಿನ ಮಟ್ಟ ಅಳೆಯಿರಿ. ನಲ್ಲಿ ನೀರು ಸಂಪಿಗೆ ಬರದಂತೆ ವಾಲ್ವ್ ತಿರುಗಿಸಿ, ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿ, ಮತ್ತೆ ಅಳೆಯಿರಿ. ಮಟ್ಟ 14 ಇಂಚು ಇಳಿದಿದ್ದರೆ 1,000ವನ್ನು 14ರಿಂದ ಭಾಗಿಸಿ. ಅದೇ 71! ಸಂಪು ಸೊಟ್ಟಗಿದ್ದರೂ ಈ ದಾರಿಯಲ್ಲಿ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಕೋಲಿಗೆ ನೇರವಾದ ನೀಲಗಿರಿ ಗಳ ಆಗುತ್ತದೆ, ನಮ್ಮ ಕಡೆ ಅದಕ್ಕೇನು ಬರವೇ? ಇಂಚಿಂಚಿಗೂ ಗೀಟು ಹಾಕಿ. ಇಳಿಸುವ ಮುಂಚೆ ಸೀಮೆಸುಣ್ಣ ಸವರಿದರೆ ಒದ್ದೆಯಾದ ಗೆರೆ ಚೆನ್ನಾಗಿ ಕಾಣುತ್ತದೆ. ಕೋಲು ನೆಟ್ಟಗೆ ತಳ ಮುಟ್ಟಬೇಕು, ವಾಲಿದರೆ ನೀರು ಜಾಸ್ತಿ ತೋರಿಸುತ್ತದೆ.

ಟ್ಯಾಂಕರ್ ಬಂದಾಗ, "ಅಣ್ಣಾ, ಒಂದ್ನಿಮಿಷ" ಅಂತ ನಿಲ್ಲಿಸಿ ಒಮ್ಮೆ ಅಳೆಯಿರಿ. ಹಾಕಿ ಮುಗಿದ ಮೇಲೆ ಅಲೆ ನಿಂತಾಗ ಇನ್ನೊಮ್ಮೆ. 4,000 ಲೀಟರ್‌ಗೆ ಈ ಸಂಪಿನಲ್ಲಿ 56 ಇಂಚು ಏರಬೇಕು. 50 ಇಂಚಷ್ಟೇ ಏರಿದ್ದರೆ ಬಿದ್ದದ್ದು 3,550. ಒಂದೆರಡು ಇಂಚಿಗೆ ಜಗಳ ಬೇಡ, ನಮ್ಮ ಅಳತೆಯಲ್ಲೂ ಅಷ್ಟು ವ್ಯತ್ಯಾಸ ಬರುತ್ತದೆ. ಆರು ಇಂಚು ಕಮ್ಮಿಯಾದರೆ ಕೇಳಲೇಬೇಕು ಅಲ್ವಾ?

ದುಂಡನೆಯ ಸಿಮೆಂಟ್ ತೊಟ್ಟಿಗೆ ಬೇರೆ ಸೂತ್ರ. ಒಳಗಿನ ಅಡ್ಡಗಲವನ್ನು ಅಡಿಯಲ್ಲಿ ಅಳೆದು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, ಕೊನೆಗೆ 22.2ರಿಂದ. ಮೂರಡಿ ಅಡ್ಡಗಲ, ನಾಲ್ಕಡಿ ಎತ್ತರ ಇದ್ದರೆ ಸುಮಾರು 800 ಲೀಟರ್.

ಹೊಟ್ಟೆ ಉಬ್ಬಿದ ಹಂಡೆ, ಕೊಳಗಕ್ಕೆ ಸೂತ್ರ ಹುಡುಕಬೇಡಿ. ಖಾಲಿ ಪಾತ್ರೆ ತೂಗಿ, ನೀರು ತುಂಬಿ ತೂಗಿ. ಹೆಚ್ಚಾದ ಕಿಲೋ ಎಷ್ಟೋ ಅಷ್ಟೇ ಲೀಟರ್. ತಕ್ಕಡಿ ತಡೆಯದಷ್ಟು ದೊಡ್ಡದಾದರೆ 20 ಲೀಟರ್ ಕ್ಯಾನಿನಲ್ಲಿ ಸುರಿದು ಎಣಿಸಿ.