ಮಳೆಗಾಲದ ಮೇಣದ ಹುಳು: ತುಡುವೆ ಕುಟುಂಬ ಉಳಿದ ಬಗೆ

ಮಲೆನಾಡಿನ ಮಳೆಗಾಲದಲ್ಲಿ ಮೇವು ಸಿಗದೆ ಜೇನ್ನೊಣಗಳು ಕಡಿಮೆಯಾದಾಗ, ನಮ್ಮ ತೋಟದಲ್ಲಿ ಸಾಕಿದ ತುಡುವೆ ಎಂಬ ನಾಡ ಜೇನಿನ ಪೆಟ್ಟಿಗೆಯೊಂದರ ಹಳೆಯ ಎರಿಗಳಲ್ಲಿ (ನೊಣಗಳು ಮೇಣದಿಂದ ಕಟ್ಟುವ ಹಲ್ಲೆಗಳಲ್ಲಿ) ರೇಷ್ಮೆಯಂತಹ ಬಿಳಿ ಬಲೆಯೂ ಅಡಿಮಣೆಯ ಮೇಲೆ ಕಪ್ಪು ಹಿಕ್ಕೆಯ ಕಾಳುಗಳೂ ಕಾಣಿಸಿದವು. ಅದು ಮೇಣದ ಪತಂಗದ ಮರಿಹುಳುಗಳ ಕೆಲಸ. ಹಾಗೆಯೇ ಬಿಟ್ಟರೆ ತುಡುವೆ ಪೆಟ್ಟಿಗೆಯನ್ನೇ ತೊರೆದು ಹಾರಿಹೋಗುತ್ತದೆ.

ಜೇನು ಪೆಟ್ಟಿಗೆಗೆ ಕೀಟನಾಶಕ ಸಲ್ಲದು. ನೊಣಗಳು ಮುತ್ತಿ ಕೂರಬಲ್ಲಷ್ಟು ಎರಿಗಳನ್ನು ಮಾತ್ರ ಮರಿಗಳು ಬೆಳೆಯುವ ಸಂಸಾರ ಕೋಣೆಯಲ್ಲಿ ಉಳಿಸಿ, ಮೇಲಿನ ಜೇನು ಕೋಣೆಯನ್ನು ತೆಗೆದಿಟ್ಟು, ಬಲೆ ಹಿಡಿದ ಎರಿಗಳನ್ನು ಅಂದೇ ಬಿಸಿನೀರಿನಲ್ಲಿ ಕರಗಿಸಿದೆ. ಯುರೋಪಿನ ಜೇನ್ನೊಣ ಮರದ ಅಂಟು ತಂದು ಪೆಟ್ಟಿಗೆಯ ಬಿರುಕು ಮುಚ್ಚಿಕೊಳ್ಳುತ್ತದೆ. ತುಡುವೆ ಹಾಗೆ ಮಾಡುವುದಿಲ್ಲ, ಪತಂಗವೋ ಅಂತಹ ಸಂದುಗಳಲ್ಲಿಯೇ ಮೊಟ್ಟೆಯಿಡುತ್ತದೆ. ಆದ್ದರಿಂದ ಸಂದುಗಳಿಗೆಲ್ಲ ಮೇಣ ಮೆತ್ತಿ, ಇರುವ ನೊಣಗಳೇ ಕಾಯಬಲ್ಲಷ್ಟು ದ್ವಾರವನ್ನು ಕಿರಿದು ಮಾಡಿದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ.

ಬೇರೆ ಕುಟುಂಬದ ನೊಣಗಳು ಕದಿಯಲು ಬಾರದಂತೆ, ಸಕ್ಕರೆ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಪಾಕವನ್ನು ಮುಸ್ಸಂಜೆಯಲ್ಲಿಯೇ ಇಟ್ಟೆ. ವಾರಕ್ಕೊಮ್ಮೆ ಅಡಿಮಣೆಯನ್ನು ಕೆರೆದು ಒರೆಸಿದೆ. ಮಳೆ ಹಿಂದೆಗೆಯುವ ಹೊತ್ತಿಗೆ ನೊಣಗಳು ಹೊಸ ಎರಿ ಕಟ್ಟಿದವು, ರಾಣಿ ಅದರಲ್ಲಿ ಮೊಟ್ಟೆಯಿಡತೊಡಗಿತು. ಈಗ ಉಳಿದ ಪೆಟ್ಟಿಗೆಗಳ ಹೆಚ್ಚುವರಿ ಎರಿಗಳನ್ನೂ ಮುಂಗಾರಿಗೆ ಮೊದಲೇ ತೆಗೆಯುತ್ತಿದ್ದೇನೆ.